ಹಾನಗಲ್ಲಿನಿಂದ ಕಾಶಿಗೆ, ಸವಣೂರಿನಿಂದ ಮಕ್ಕೆಗೆ: ದೂರವೆಂಬ ಧರ್ಮಪ್ರಶ್ನೆ

ಎರಡು ಊರುಗಳ ನಡುವಿನ ವಿಮಾನಯಾನದ ಕೋಷ್ಟಕದಲ್ಲಿ ಇರುವುದು ಎರಡೇ ಅಂಕಿಗಳು: ಆಕಾಶಮಾರ್ಗದ ದೂರ ಎಷ್ಟು ಕಿಲೋಮೀಟರು, ಹಿಡಿಯುವ ವೇಳೆ ಎಷ್ಟು ಗಂಟೆ. ಮೊದಲನೆಯದು ಭೂಮಿಗೆ ಸೇರಿದ ಲೆಕ್ಕ, ಎರಡನೆಯದು ಯಂತ್ರಕ್ಕೆ ಸೇರಿದ್ದು. ಯಾತ್ರೆಯನ್ನು ಕರ್ತವ್ಯವೆಂದೋ ಪುಣ್ಯವೆಂದೋ ವಿಧಿಸಿದ ಧರ್ಮಗಳಿಗೆ ಈ ಎರಡು ಲೆಕ್ಕಗಳು ಸಾಲುತ್ತಿರಲಿಲ್ಲ. ಯಾತ್ರಿಕನು ದಾರಿಯಲ್ಲಿ ಏನು ಮಾಡಿದನು, ಏನನ್ನು ಬಿಟ್ಟನು, ಯಾವ ಸಂಕಲ್ಪದಿಂದ ಹೊರಟನು ಎಂಬ ಮೂರನೆಯ ಲೆಕ್ಕವನ್ನೂ ಅವು ಇಟ್ಟಿದ್ದವು. ಕಾಲ್ನಡಿಗೆಯ ಕಾಲದಲ್ಲಿ ನೆಲ, ಕಾಲ, ಕ್ರಿಯೆ ಈ ಮೂರೂ ಜೊತೆಜೊತೆಯಾಗಿಯೇ ಸಾಗುತ್ತಿದ್ದುದರಿಂದ, ತಾನು ಅಳೆಯುತ್ತಿರುವುದು ಯಾವುದನ್ನು ಎಂದು ಶಾಸ್ತ್ರವು ತನ್ನನ್ನೇ ಕೇಳಿಕೊಳ್ಳುವ ಪ್ರಮೇಯ ಅಷ್ಟಾಗಿ ಬರಲಿಲ್ಲ. ವಿಮಾನವು ಮೊದಲನೆಯದನ್ನು ಇದ್ದಂತೆಯೇ ಇರಿಸಿ, ಎರಡನೆಯದನ್ನು ಕುಗ್ಗಿಸಿ, ಮೂರನೆಯದನ್ನು ಬಹುಮಟ್ಟಿಗೆ ಇಲ್ಲವಾಗಿಸಿದ ಮೇಲೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು ಈ ಪ್ರಶ್ನೆಯ ವಿಚಾರಣೆಗೆ ವಿಶೇಷವಾಗಿ ಒದಗುತ್ತವೆ. ಇವುಗಳಲ್ಲಿ ಒಂದರಲ್ಲೂ ವಿಮಾನ ನಿಲ್ದಾಣವಿಲ್ಲ. ಮೊದಲ ಮೂರಕ್ಕೆ ಹತ್ತಿರದ್ದು ಹುಬ್ಬಳ್ಳಿಯದು, ಮತ್ತು ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರುವುದಕ್ಕೆ ತಗಲುವ ವೇಳೆಯು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವ ವೇಳೆಗಿಂತ ಹೆಚ್ಚು. ಆದರೆ ವೈಷ್ಣವ ದಾಸಪಂಥ, ಮಾಧ್ವ ಯತಿಪರಂಪರೆ, ವೀರಶೈವ ವಿರಕ್ತಮಠ, ಸವಣೂರು ನವಾಬರ ಆಶ್ರಯದಲ್ಲಿ ಬೆಳೆದ ಇಸ್ಲಾಂ ಇವೆಲ್ಲವೂ ಇಲ್ಲಿ ಒಂದರ ಮಗ್ಗುಲಲ್ಲಿ ಒಂದು ಬಾಳಿದವು. ದೂರದ ಕ್ಷೇತ್ರವೊಂದರೊಡನೆ ಹತ್ತಿರದ ಬದುಕನ್ನು ಹೇಗೆ ಹೊಂದಿಸುವುದು ಎಂಬುದಕ್ಕೆ ಪ್ರತಿಯೊಂದೂ ತನ್ನದೇ ಆದ ಉತ್ತರವನ್ನು ಕಂಡುಕೊಂಡಿತು.

ಹಾನಗಲ್ಲಿನಿಂದ ಕಾಶಿಗೆ ನೇರ ಆಕಾಶರೇಖೆಯಲ್ಲಿ ಸುಮಾರು 1,430 ಕಿಲೋಮೀಟರು. ನೇರ ವಿಮಾನವೊಂದು ಇದೆಯೆಂದೇ ಭಾವಿಸಿ, ಅದು ಗಂಟೆಗೆ 850 ಕಿಲೋಮೀಟರಿನಂತೆ ಹಾರಿದರೆ, ಎರಡು ಗಂಟೆಯೊಳಗೆ ಮುಗಿಯುವ ಹಾದಿ ಇದು. ನೆಲದ ದಾರಿ 1,700 ಕಿಲೋಮೀಟರಿಗೂ ಹೆಚ್ಚು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ನಡೆದರೂ ಎರಡೂವರೆ ತಿಂಗಳು, ನಡುವೆ ಕೃಷ್ಣೆ, ಭೀಮೆ, ಗೋದಾವರಿ, ನರ್ಮದೆಗಳ ನೆರೆ ಇಳಿಯುವವರೆಗೆ ಕಾಯಬೇಕಾದರೆ ಇನ್ನೂ ಹೆಚ್ಚು. ಕಾಶಿಗೆ ಹೋಗಿ ಬರುವುದೆಂದರೆ ಒಂದು ಬೇಸಾಯದ ವರ್ಷವನ್ನೇ ಬಿಟ್ಟುಕೊಡುವುದು ಎಂದಾಗಿದ್ದ ಕಾಲದಲ್ಲಿ ಧರ್ಮಶಾಸ್ತ್ರವು ತೀರ್ಥಯಾತ್ರೆಯ ಫಲವನ್ನು ಹೇಳಿತು.

ಈ ಫಲ ಇರುವುದೆಲ್ಲಿ? ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯವು ಐಶ್ವರ್ಯದ ಸೊಕ್ಕಿನಿಂದಲೋ ಲೋಭದಿಂದಲೋ ಮೋಹದಿಂದಲೋ ವಾಹನವೇರಿ ತೀರ್ಥಕ್ಕೆ ಹೋಗುವವನ ಯಾತ್ರೆ ನಿಷ್ಫಲವೆಂದು ಖಂಡತುಂಡವಾಗಿ ಹೇಳುತ್ತದೆ. ಮೇಲುನೋಟಕ್ಕೆ ಇದು ದೇಹದಂಡನೆಯ ಪಕ್ಷಪಾತವೆಂದು ತೋರಬಹುದು. ನೋವು ಹೆಚ್ಚಿದಷ್ಟೂ ಪುಣ್ಯ ಹೆಚ್ಚು ಎಂಬ ವಾದಕ್ಕೆ ಇದನ್ನು ಆಧಾರವಾಗಿ ಬಳಸಿದವರೂ ಇದ್ದಾರೆ. ಆದರೆ ಮಹಾಭಾರತದ ವನಪರ್ವದಲ್ಲಿ ಬರುವ ತೀರ್ಥಯಾತ್ರೆಯ ಪ್ರಸ್ತಾವದ ಪಕ್ಕದಲ್ಲಿಟ್ಟು ಓದಿದಾಗ ಇದರ ಅರ್ಥ ಬೇರೆಯಾಗುತ್ತದೆ. ಯಜ್ಞಗಳಿಗೆ ಬಗೆಬಗೆಯ ಸಾಮಗ್ರಿ ಬೇಕು, ಅವು ಅರಸರಿಗೂ ಸಿರಿವಂತರಿಗೂ ಮಾತ್ರ ಸಾಧ್ಯ, ಬಡವನಿಗೂ ಎಟಕುವಂಥದ್ದು ತೀರ್ಥಯಾತ್ರೆ ಎಂಬುದು ಅಲ್ಲಿನ ನಿಲುವು. ಕೈಕಾಲುಗಳನ್ನೂ ಮನಸ್ಸನ್ನೂ ಹತೋಟಿಯಲ್ಲಿಟ್ಟವನಿಗೆ ತೀರ್ಥದ ಫಲ ಎಂಬ ಮಾತೂ ಅದೇ ಪ್ರಸಂಗದಲ್ಲಿದೆ. ಅಂದರೆ ಕಾಲ್ನಡಿಗೆಯು ಇಲ್ಲಿ ದಂಡನೆಯಲ್ಲ, ಹಣವಿಲ್ಲದವನು ತೆರಬಲ್ಲ ನಾಣ್ಯ. ಸಿರಿವಂತನು ವಾಹನವನ್ನು ತಂದಾಗ ಕೆಡುವುದು ಅವನ ಪುಣ್ಯವೊಂದೇ ಅಲ್ಲ, ಸಮಾನರ ನಡುವಿನ ಆ ವ್ಯವಹಾರವೇ ಕೆಡುತ್ತದೆ ಎಂಬ ಆತಂಕ ಮತ್ಸ್ಯಪುರಾಣದ ಕಟುನುಡಿಯ ಹಿಂದೆ ಇರುವಂತಿದೆ.

ಈ ದೃಷ್ಟಿಯಿಂದ ವಿಮಾನವು ಎಬ್ಬಿಸುವ ತೊಡಕು ವೇಗದ್ದಲ್ಲ. ಎರಡೂವರೆ ತಿಂಗಳ ನಡಿಗೆ ಎರಡು ಗಂಟೆಯಾದಾಗ ಉಳಿದ ಶ್ರಮವು ಮಾಯವಾಗುವುದಿಲ್ಲ, ಕಾಲಿನಿಂದ ಕೈಚೀಲಕ್ಕೆ ವರ್ಗವಾಗುತ್ತದೆ. ಹಿರೇಕೆರೂರಿನ ಹೊಲದಲ್ಲಿ ಕೂಲಿ ಮಾಡುವವರಿಗೆ ಕಾಶಿಯ ದೂರವು ಈಗಲೂ ದಿನಗಳಲ್ಲೇ ಇದೆ. ಅವು ನಡೆಯುವ ದಿನಗಳಾಗಿರದೆ ಟಿಕೇಟಿನ ಹಣಕ್ಕಾಗಿ ದುಡಿಯುವ ದಿನಗಳಾಗಿವೆ, ಅಷ್ಟೇ. ಬಡವನ ಯಜ್ಞವೆಂದು ಹೊಗಳಿಸಿಕೊಂಡದ್ದು ಮರಳಿ ಸಿರಿವಂತನ ಯಜ್ಞವಾಗುವ ಸಾಧ್ಯತೆಯೇ ಶಾಸ್ತ್ರಜ್ಞರನ್ನು ಕಾಡಬೇಕಾದ ಸಂಗತಿ. ವಾಹನದಲ್ಲಿ ಹೋದರೆ ಪುಣ್ಯ ಅರ್ಧವೋ ಮುಕ್ಕಾಲೋ ಎಂಬ ಎಣಿಕೆಯು ಅದರ ಮುಂದೆ ಹುಡುಗಾಟ.

ಇಸ್ಲಾಮಿನ ವಿಧಿಯು ಈ ವಿಷಯದಲ್ಲಿ ಮೊದಲಿನಿಂದಲೂ ಬೇರೆ ದಾರಿ ಹಿಡಿದಿದೆ. ಹಜ್ ಕಡ್ಡಾಯವಾಗುವುದು ಶಕ್ತರಿಗೆ ಮಾತ್ರ. ಆ ಶಕ್ತಿಯನ್ನು ನ್ಯಾಯಶಾಸ್ತ್ರಜ್ಞರು ದಾರಿಯ ಬುತ್ತಿ ಮತ್ತು ಸವಾರಿ ಎಂದು ವಿವರಿಸಿದರು. ವಾಹನವು ಇಲ್ಲಿ ಪುಣ್ಯಕ್ಕೆ ಅಡ್ಡಿಯಾಗದೆ ಕರ್ತವ್ಯ ಹುಟ್ಟುವುದಕ್ಕೆ ಕಾರಣವೇ ಆಗುತ್ತದೆ. ಆದ್ದರಿಂದ ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಜ್ ಹಡಗುಗಳು 1995ರ ಹೊತ್ತಿಗೆ ನಿಂತು, ಭಾರತದ ಯಾತ್ರಿಕರೆಲ್ಲ ವಿಮಾನವನ್ನೇ ಹತ್ತುವಂತಾದಾಗ, ಪುಣ್ಯ ಕಡಿಮೆಯಾಯಿತೇ ಎಂಬ ಚರ್ಚೆಗೆ ಎಡೆ ಇರಲಿಲ್ಲ. ಎಡೆ ಇದ್ದುದು ಬೇರೊಂದು, ಹೆಚ್ಚು ಸೂಕ್ಷ್ಮವಾದ ಪ್ರಶ್ನೆಗೆ.

ಪ್ರಯಾಣದಲ್ಲಿರುವವನನ್ನು ಮುಸಾಫಿರ್ ಎನ್ನುತ್ತಾರೆ. ಅವನು ನಾಲ್ಕು ರಕಅತ್‌ಗಳ ನಮಾಜನ್ನು, ಎಂದರೆ ನಿಂತು ಬಾಗಿ ಮಣಿಯುವ ನಾಲ್ಕು ಆವರ್ತನಗಳನ್ನು, ಎರಡಕ್ಕೆ ಇಳಿಸಿಕೊಳ್ಳುತ್ತಾನೆ. ರಂಜಾನಿನ ಉಪವಾಸವನ್ನು ಮುಂದಕ್ಕೆ ಹಾಕಬಹುದು. ಎಷ್ಟು ದೂರ ಹೋಗುವವನು ಮುಸಾಫಿರ್? ದಕ್ಖನಿನ ಮುಸ್ಲಿಮರಲ್ಲಿ ಬಹುಪಾಲು ಜನ ಅನುಸರಿಸುವ ಹನಫೀ ಪಂಥದ ಮೂಲ ಉತ್ತರ, ಮೂರು ದಿನಗಳ ನಡಿಗೆ. ಭಟ್ಕಳದ ನವಾಯತರು ಅನುಸರಿಸುವ ಶಾಫಿಈ ಪಂಥದ ಉತ್ತರ, ಎರಡು ಮರ್ಹಲಾ, ಎಂದರೆ ಎರಡು ದಿನದ ಪಯಣದ ಹಂತಗಳು. ಎರಡೂ ಕಡೆ ದೂರವನ್ನು ಕಾಲದಿಂದಲೇ ಅಳೆದಿರುವುದು ಗಮನಾರ್ಹ. ಮುಂದೆ ಹನಫೀ ಪಂಡಿತರು ಮೂರು ದಿನವನ್ನು ಮೈಲಿಗಳಿಗೆ ಪರಿವರ್ತಿಸಿದರು, ಮತ್ತು ಇಂದು ಅದನ್ನು ಬೇರೆಬೇರೆ ಬಳಗಗಳು ಸುಮಾರು 77 ಕಿಲೋಮೀಟರಿನಿಂದ 92 ಕಿಲೋಮೀಟರಿನವರೆಗೆ ಎಣಿಸುತ್ತವೆ. ವಿಮಾನವು ಆ ಅಂತರವನ್ನು ಆರೇಳು ನಿಮಿಷಗಳಲ್ಲಿ ದಾಟುತ್ತದೆ. ಆದರೂ ರಿಯಾಯಿತಿ ನಿಂತುಹೋಗಲಿಲ್ಲ. ಅದಕ್ಕೆ ಕಾರಣ ಪ್ರಯಾಣವೇ ಹೊರತು ಪ್ರಯಾಣದ ಕಷ್ಟವಲ್ಲ, ಕಷ್ಟವು ಆಳಿಂದಾಳಿಗೆ ಬೇರೆಯಾಗುವುದರಿಂದ ಕಾನೂನು ಕಣ್ಣಿಗೆ ಕಾಣುವ ಗುರುತನ್ನೇ ಹಿಡಿಯಬೇಕು ಎಂದು ಪಂಡಿತರು ವಾದಿಸಿದರು. ಈ ವಾದವು ಮೊದಲು ಕೇಳಿದಾಗ ತಾಂತ್ರಿಕವೆನಿಸಿದರೂ, ನೋವನ್ನು ತೂಗಿ ಪುಣ್ಯ ಹಂಚುವ ಕೆಲಸಕ್ಕೆ ಕೈಹಾಕದಿರುವ ವಿವೇಕ ಅದರಲ್ಲಿದೆ.

ಇನ್ನೊಂದು ವಿಧಿ ಇದಕ್ಕಿಂತ ಕುತೂಹಲಕರವಾದುದು. ಸವಣೂರಿನಿಂದ ಹುಬ್ಬಳ್ಳಿಯು ಮೇಲೆ ಹೇಳಿದ ಮಿತಿಯೊಳಗೇ ಬರುತ್ತದೆ. ಆದ್ದರಿಂದ ಸಂತೆಗೋ ಆಸ್ಪತ್ರೆಗೋ ಹುಬ್ಬಳ್ಳಿಗೆ ಹೋಗುವ ಸವಣೂರಿನವನು ಹನಫೀ ಲೆಕ್ಕದಲ್ಲಿ ಮುಸಾಫಿರನಲ್ಲ. ಅದೇ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತು, ಹುಬ್ಬಳ್ಳಿಯ ಮೂಲಕ ಬೆಂಗಳೂರಿಗೂ ಅಲ್ಲಿಂದ ಜಿದ್ದಾಕ್ಕೂ ಹೊರಟವನು ಸವಣೂರಿನ ಊರಗಡಿ ದಾಟಿದ ಕ್ಷಣದಿಂದಲೇ ಮುಸಾಫಿರ್. ಇಬ್ಬರ ಕಾಲಕೆಳಗಿನ ರಸ್ತೆ ಒಂದೇ, ಹಿಡಿದ ವೇಳೆ ಒಂದೇ. ಬೇರೆಯಾದದ್ದು ನಿಯತ್ತು, ಅಂದರೆ ಮನಸ್ಸಿನಲ್ಲಿ ಕಟ್ಟಿಕೊಂಡ ಉದ್ದೇಶ. ದೂರವು ನೆಲದಲ್ಲಿರುವ ಗುಣವೆಂದು ನಂಬಿದವರು ಈ ವಿಧಿಯ ಮುಂದೆ ತುಸು ನಿಂತು ಯೋಚಿಸಬೇಕಾಗುತ್ತದೆ.

ಭಾರತೀಯ ದಾರ್ಶನಿಕರಲ್ಲಿ ಹಾಗೆ ನಿಂತು ಯೋಚಿಸಿದವರು ವೈಶೇಷಿಕರು. ದ್ರವ್ಯಗಳಲ್ಲಿ ಇರುವ ಗುಣಗಳು ಇಪ್ಪತ್ತನಾಲ್ಕು ಎಂದು ಎಣಿಸಿದ ಆ ದರ್ಶನವು ಪರತ್ವ ಮತ್ತು ಅಪರತ್ವಗಳನ್ನು, ಎಂದರೆ ಆಚೆಯದಾಗಿರುವಿಕೆ ಮತ್ತು ಈಚೆಯದಾಗಿರುವಿಕೆಯನ್ನು, ಆ ಪಟ್ಟಿಯಲ್ಲಿ ಸೇರಿಸಿತು. ನೋಡುವವನಿಗೂ ವಸ್ತುವಿಗೂ ನಡುವೆ ಹೆಚ್ಚು ಸಂಯೋಗಗಳಿದ್ದರೆ, ಅಂದರೆ ಒಂದಕ್ಕೊಂದು ತಾಗಿ ನಿಂತ ನೆಲದ ತುಣುಕುಗಳು ಹೆಚ್ಚು ಇದ್ದರೆ, ಅದು ದೂರ, ಕಡಿಮೆಯಿದ್ದರೆ ಹತ್ತಿರ. ಆದರೆ ಈ ಗುಣವು ಹುಟ್ಟುವುದು ಅಪೇಕ್ಷಾಬುದ್ಧಿಯಿಂದ, ಎಂದರೆ ಒಂದನ್ನು ಇನ್ನೊಂದರೊಡನೆ ಹೋಲಿಸಿ ಎಣಿಸುವ ಅರಿವಿನಿಂದ. ನಡುವಿನ ಸಂಯೋಗಗಳು ಹೊರಗಿವೆ, ದೂರವೆಂಬ ಗುಣ ಮಾತ್ರ ಎಣಿಸುವವನಿಲ್ಲದೆ ಹುಟ್ಟದು. ಕಾಲದ ಪರತ್ವವನ್ನು ಅವರು ಇದರಿಂದ ಬೇರೆಯಾಗಿಟ್ಟರು. ಅದು ಹಿರಿಯ ಕಿರಿಯ ಎಂಬ ವ್ಯವಹಾರಕ್ಕೆ ಸಂಬಂಧಿಸಿದ್ದು, ಸೂರ್ಯನ ಚಲನೆಗಳ ಎಣಿಕೆಯಿಂದ ತಿಳಿಯುವಂಥದ್ದು. ಕಾಶಿ ಈಗ ಎರಡೇ ಗಂಟೆಯ ದೂರ ಎಂದು ಇಂದಿನವರು ಸಲೀಸಾಗಿ ಆಡುವ ಮಾತು ವೈಶೇಷಿಕನ ಕಿವಿಗೆ ಎರಡು ಪದಾರ್ಥಗಳ ಕಲಬೆರಕೆಯಾಗಿ ಕೇಳಿಸೀತು.

ಸವಣೂರಿನಲ್ಲಿ ಬೃಂದಾವನಸ್ಥರಾದ ಉತ್ತರಾದಿಮಠದ ಸತ್ಯಬೋಧತೀರ್ಥರು ನಿಂತ ದ್ವೈತಪರಂಪರೆಯು ಇದನ್ನು ಹಾಗೆಯೇ ಒಪ್ಪುವುದಿಲ್ಲ. ದೇಶಕಾಲಗಳು ವೈಶೇಷಿಕರು ಹೇಳುವಂತೆ ಊಹೆಯಿಂದ ತಿಳಿಯುವಂಥವಲ್ಲ. ಅವು ಸಾಕ್ಷಿಗೆ, ಎಂದರೆ ಜೀವದ ಸ್ವರೂಪವೇ ಆದ ಒಳಗಿನ ತಪ್ಪದ ಅರಿವಿಗೆ, ನೇರವಾಗಿ ಗೋಚರಿಸುತ್ತವೆ ಎಂಬುದು ಮಧ್ವರ ಸಿದ್ಧಾಂತ. ಕಣ್ಣು ಮುಚ್ಚಿದವನಿಗೂ ತಾನು ಎಲ್ಲೋ ಒಂದೆಡೆ ಇದ್ದೇನೆ, ಕಾಲ ಸರಿಯುತ್ತಿದೆ ಎಂಬ ಅರಿವು ಇರುತ್ತದಷ್ಟೆ. ವಿಮಾನದ ಕಿಟಕಿ ಮುಚ್ಚಿ ಕುಳಿತ ಯಾತ್ರಿಕನಿಗೆ ನೆಲದ ಸಂಯೋಗಗಳನ್ನು ಎಣಿಸುವ ಅವಕಾಶವೇ ಇಲ್ಲ. ಅವನಲ್ಲಿ ಉಳಿದಿರುವುದು ಸಾಕ್ಷಿಯ ಈ ಬರಿಯ ದೇಶಕಾಲ. ಅವನು ತಲುಪಿದಾಗಲೂ ತಲುಪಿದಂತೆ ಅನಿಸುವುದಿಲ್ಲವೆಂದು ಜನ ಹೇಳುವುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬಹುದು.

ಹೋಗಲಾಗದವರು ಏನು ಮಾಡಿದರು ಎಂಬುದು ಈ ಸೀಮೆಯ ಚರಿತ್ರೆಯ ಬಹು ದೊಡ್ಡ ಅಧ್ಯಾಯ, ಏಕೆಂದರೆ ಬಹುತೇಕರು ಹೋಗಲಾಗದವರೇ. ಅವರು ದೂರದ್ದನ್ನು ಇಲ್ಲಿಗೆ ತಂದುಕೊಂಡರು. ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದ ಹಾನಗಲ್ಲನ್ನು, ಎಂದರೆ ಪಾನುಂಗಲ್ಲನ್ನು, ಶಾಸನಗಳು ವಿರಾಟಕೋಟೆ, ವಿರಾಟನಗರಿ ಎಂದು ಕರೆದವು. ರಾಜಸ್ಥಾನದ ಬೈರಾಟಿನೊಡನೆ ಗುರುತಿಸಲಾಗುವ, ಸುಮಾರು 1,400 ಕಿಲೋಮೀಟರು ಉತ್ತರದ ಮತ್ಸ್ಯದೇಶವು ಹೀಗೆ ತಾರಕೇಶ್ವರ ದೇಗುಲದ ಊರಿಗೆ ಬಂದು ನೆಲೆಸಿತು. ಕನ್ನಡ ದಾನಶಾಸನಗಳ ಕೊನೆಯಲ್ಲಿ ಬರುವ ರೂಢಿಯ ಮಾತುಗಳಲ್ಲಿ, ಈ ದಾನವನ್ನು ಕಾಪಾಡಿದವನಿಗೆ ವಾರಣಾಸಿ ಕುರುಕ್ಷೇತ್ರಗಳಲ್ಲಿ ಸಾವಿರ ಕವಿಲೆಗಳನ್ನು ದಾನಮಾಡಿದ ಫಲವೆಂದೂ, ಅಳಿದವನಿಗೆ ಅಲ್ಲಿಯೇ ಅವುಗಳನ್ನು ಕೊಂದ ಪಾಪವೆಂದೂ ಸಾರಲಾಗಿದೆ. ವಾರಣಾಸಿಯನ್ನು ಕಂಡರಿಯದ ಊರಗೌಡನು ಹೊಲದ ಬದುವಿನ ಕಲ್ಲೊಂದನ್ನು ಸರಿಸಿದರೆ ಅದರ ಪರಿಣಾಮ ವಾರಣಾಸಿಯಲ್ಲಿ ದಾಖಲಾಗುತ್ತದೆ ಎಂಬ ಈ ಕಲ್ಪನೆಯಲ್ಲಿ ದೂರವು ಸೊನ್ನೆಗೆ ಇಳಿದಿದೆ. ಯಾವ ವಿಮಾನವೂ ಅಷ್ಟು ಇಳಿಸಿಲ್ಲ.

ದೇವರೇ ಪ್ರಯಾಣ ಮಾಡಿದ ಕಥನಗಳೂ ಇವೆ. ಹರಿಹರನ ಆದಯ್ಯನ ರಗಳೆಯ ಪ್ರಕಾರ ವ್ಯಾಪಾರಕ್ಕೆ ಬಂದ ಆದಯ್ಯನು ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬರಮಾಡಿಕೊಂಡನು. ಇವೆರಡರ ನಡುವೆ ಆಕಾಶರೇಖೆಯಲ್ಲಿ 800 ಕಿಲೋಮೀಟರಿಗೂ ಮಿಕ್ಕಿದ ಅಂತರ. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿರುವ ಸುಮಾರು 1200ರ ಶಾಸನದಲ್ಲಿ ಅದೇ ಪುಲಿಗೆರೆಯ ಸೋಮನಾಥನು ಏಕಾಂತದ ರಾಮಯ್ಯನಿಗೆ ಅಬ್ಬಲೂರಿಗೆ ಹೋಗೆಂದು ಅಪ್ಪಣೆ ಕೊಡುತ್ತಾನೆ. ಶರಣರ ಪಂಥವು ಈ ತರ್ಕವನ್ನು ಅದರ ಕೊನೆಯವರೆಗೂ ಒಯ್ದಿತು: ಇಷ್ಟಲಿಂಗವು ಅಂಗದ ಮೇಲೆಯೇ ಇರುವಾಗ ಭಕ್ತನು ಎಲ್ಲಿಗೆ ಹೋದರೂ ಕ್ಷೇತ್ರವು ಅವನೊಡನೆ ಹೋಗುತ್ತದೆ, ಯಾತ್ರೆಯ ಅಗತ್ಯವೇ ಬೀಳುವುದಿಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ನಿಂತಿರುವ ಮೂರು ಭಾರಿ ಮರಗಳು ಆಫ್ರಿಕಾ ಮೂಲದ ಬಾವೊಬಾಬ್‌ಗಳು ಎಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ನೆನೆಯಬಹುದು. ಜನ ಅವನ್ನು ಹುಣಸೆಯೆಂದೇ ಕರೆದು, ಕೃಷ್ಣನೊಡನೆ ತಳಕುಹಾಕಿ, ಸಮುದ್ರದಾಚೆಯದನ್ನು ಊರಿನದಾಗಿಸಿಕೊಂಡರು.

ಆದರೆ ಎಲ್ಲ ದೂರವೂ ಹೀಗೆ ಕರಗುವಂಥದ್ದಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಉಡುಪಿಗೆ ಹೋದ ಕಥನವು ಎಲ್ಲರಿಗೂ ತಿಳಿದದ್ದು. ಬಾಡದಿಂದ ಉಡುಪಿಗೆ ಆಕಾಶರೇಖೆಯಲ್ಲಿ ಸುಮಾರು 190 ಕಿಲೋಮೀಟರು. ಮಲೆನಾಡನ್ನೂ ಘಟ್ಟವನ್ನೂ ಇಳಿದು ಅಷ್ಟನ್ನು ದಾಟಿದವರಿಗೆ ದೇಗುಲದ ಬಾಗಿಲಿನಿಂದ ಗರ್ಭಗುಡಿಯವರೆಗಿನ ಕೆಲವು ಹೆಜ್ಜೆಗಳು ದಾಟಲಾಗದ ದೂರವಾದವು. ಸಂಪ್ರದಾಯದ ಪ್ರಕಾರ ಕೃಷ್ಣನೇ ತಿರುಗಿ ಗೋಡೆಯ ಬಿರುಕಿನಲ್ಲಿ ದರ್ಶನಕೊಟ್ಟನು. ಇದನ್ನು ಭಕ್ತಿಯ ಗೆಲುವೆಂದು ಕೊಂಡಾಡುವ ವ್ಯಾಖ್ಯಾನಗಳು ಒಂದು ಸಂಗತಿಯನ್ನು ಸುಲಭವಾಗಿ ದಾಟಿಬಿಡುತ್ತವೆ: ದೇವರು ತಿರುಗಿದನು, ಬಾಗಿಲು ತೆರೆಯಲಿಲ್ಲ. ವೈಶೇಷಿಕರ ಸಂಯೋಗಗಳಲ್ಲಿ ಈ ದೂರ ಸೇರಿಲ್ಲ, ವಿಮಾನದ ಕೋಷ್ಟಕದಲ್ಲಂತೂ ಸೇರುವಂತಿಲ್ಲ. ಮನುಷ್ಯರು ಕಟ್ಟಿದ ಅಂತರವನ್ನು ಮನುಷ್ಯರೇ ಕೆಡವಬೇಕಾಗುತ್ತದೆ.

ಇನ್ನು ದಿಕ್ಕಿನ ಮಾತು. ಸವಣೂರಿನಿಂದ ಮಕ್ಕೆಗೆ ಸುಮಾರು 3,800 ಕಿಲೋಮೀಟರು. ನಮಾಜಿಗೆ ಮುಖಮಾಡುವ ಕಿಬ್ಲಾ ಇಲ್ಲಿ ಪಶ್ಚಿಮವೆಂದು ವಾಡಿಕೆಯ ಮಾತು; ಗಣಿತದಿಂದ ನೋಡಿದರೆ ಅದು ಪಶ್ಚಿಮದಿಂದ ಸುಮಾರು 16 ಡಿಗ್ರಿ ಉತ್ತರಕ್ಕೆ ಇದೆ. ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯ ಮೇಲೆ ಗೆರೆ ಎಳೆದರೆ ಸಿಗುವುದು 11 ಡಿಗ್ರಿ. ಈ ವ್ಯತ್ಯಾಸಕ್ಕೆ ಕಾರಣ ಭೂಮಿಯ ದುಂಡುತನ: ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ಹಾದಿಯು ಮಹಾವೃತ್ತದ, ಎಂದರೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ, ಒಂದು ತುಂಡು. ಘಜ್ನಿಯಿಂದ ಮಕ್ಕೆಯ ದಿಕ್ಕನ್ನು ಗೋಳೀಯ ತ್ರಿಕೋನಮಿತಿಯಿಂದ ಕಂಡುಹಿಡಿಯಲೆಂದು 11ನೆಯ ಶತಮಾನದಲ್ಲಿ ಅಲ್‌ಬಿರೂನಿಯು ಒಂದು ಗ್ರಂಥವನ್ನೇ ಬರೆದನು. ಇಂದಿನ ವಿಮಾನಗಳ ಮಾರ್ಗವನ್ನು ನಿಗದಿಮಾಡುವ ಲೆಕ್ಕದ ತಳಹದಿಯೂ ಅದೇ ಮಹಾವೃತ್ತ. ಪ್ರಾರ್ಥನೆಯ ದಿಕ್ಕಿಗಾಗಿ ಬಳಕೆಯಾದ ಜ್ಯಾಮಿತಿಯು ಇಂಧನದ ಉಳಿತಾಯಕ್ಕೆ ಒದಗಿಬಂದದ್ದು ಚರಿತ್ರೆಯ ಚಮತ್ಕಾರಗಳಲ್ಲಿ ಒಂದು.

ಕಾಲದ ವಿಷಯದಲ್ಲಿ ಪಂಚಾಂಗದವರಿಗೂ ಇಂಥದೇ ಗಣಿತ ಬೇಕಾಗಿತ್ತು. ಸಿದ್ಧಾಂತ ಜ್ಯೋತಿಷವು ಉಜ್ಜಯಿನಿಯ ಮೂಲಕ ಹಾಯುವ ರೇಖೆಯನ್ನು ಮೂಲವಾಗಿಟ್ಟು, ಅದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರುಗಳಿಗೆ ದೇಶಾಂತರ ಸಂಸ್ಕಾರವನ್ನು ವಿಧಿಸಿತು; ಯೋಜನಗಳಲ್ಲಿರುವ ದೂರವನ್ನು ಭೂಪರಿಧಿಯಿಂದ ಭಾಗಿಸಿ ಕಾಲವಾಗಿ ಮಾರ್ಪಡಿಸುವ ತಿದ್ದುಪಡಿ ಇದು. ಉಜ್ಜಯಿನಿಯು ಹಾನಗಲ್ಲಿನಿಂದ ಸುಮಾರು 930 ಕಿಲೋಮೀಟರು ಉತ್ತರಕ್ಕಿದೆ, ಆದರೆ ನಾಲ್ಕೂ ತಾಲೂಕು ಕೇಂದ್ರಗಳಿಗೂ ಅದಕ್ಕೂ ನಡುವೆ ರೇಖಾಂಶದ ಅಂತರ ಮುಕ್ಕಾಲು ಡಿಗ್ರಿಗಿಂತ ಕಡಿಮೆ. ಹಾಗಾಗಿ ಉಜ್ಜಯಿನಿಯ ನಡುಹಗಲಿಗೂ ಹಾನಗಲ್ಲಿನ ನಡುಹಗಲಿಗೂ ಮೂರು ನಿಮಿಷದ ವ್ಯತ್ಯಾಸವೂ ಇಲ್ಲ, ಭಾರತೀಯ ಅಧಿಕೃತ ಸಮಯಕ್ಕೂ ಇಲ್ಲಿನ ಸೂರ್ಯನಿಗೂ ಮಾತ್ರ ಸುಮಾರು ಅರ್ಧ ಗಂಟೆಯ ವ್ಯತ್ಯಾಸ. ದೂರವಿದ್ದೂ ಕಾಲಭೇದವಿಲ್ಲದ ಊರುಗಳಿರಬಹುದು ಎಂಬುದನ್ನು ಇಲ್ಲಿನ ಜ್ಯೋತಿಷಿ ವಿಮಾನವಿಲ್ಲದೆಯೇ ಅರಿತಿದ್ದನು.

ದೂರವು ಪೂರ್ವಪಶ್ಚಿಮವಾದಾಗ ತೊಡಕು ಬಲಿಯುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಉತ್ತರಧ್ರುವದ ಮೇಲಿಂದ ಹಾದು, ಸುಮಾರು 14,000 ಕಿಲೋಮೀಟರು ಕ್ರಮಿಸಿ, 17 ಗಂಟೆಯ ಆಸುಪಾಸಿನಲ್ಲಿ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಹೊರಟದ್ದು ಕತ್ತಲೆಯಲ್ಲಿ, ಹಾದದ್ದು ಚಳಿಗಾಲದ ಧ್ರುವರಾತ್ರಿಯಲ್ಲಿ, ಇಳಿದದ್ದು ನಸುಕಿಗೆ ಮುಂಚೆ. ಒಳಗಿದ್ದವರ ಪಾಲಿಗೆ ಜನವರಿ 10ಕ್ಕೆ ಸೂರ್ಯೋದಯವೇ ಇರಲಿಲ್ಲ. ದಿನದ ತಿಥಿಯನ್ನು ಸೂರ್ಯೋದಯದಿಂದ ಗೊತ್ತುಮಾಡುವವನಿಗೆ, ದ್ವಾದಶಿಯ ಬೆಳಗಿನಲ್ಲಿ ಏಕಾದಶಿಯ ಪಾರಣೆ ಮಾಡಬೇಕಾದವನಿಗೆ, ಇಂಥ ಹಾದಿಯಲ್ಲಿ ಆ ಬೆಳಗು ಎಲ್ಲಿದೆ? ಇಸ್ಲಾಮಿ ಪಂಡಿತರು ವಿಮಾನದಲ್ಲಿರುವ ಉಪವಾಸಿಗೆ ಅವನು ಇರುವ ಎತ್ತರದಿಂದ ಕಾಣುವ ಸೂರ್ಯನನ್ನೇ ಪ್ರಮಾಣವಾಗಿ ಕೊಟ್ಟಿದ್ದಾರೆ. ಸೂರ್ಯನೇ ಕಾಣದ ಹಾದಿಯಲ್ಲಿ ಆ ಪ್ರಮಾಣವೂ ಸೋಲುತ್ತದೆ.

ವೈದಿಕ ಕರ್ಮದಲ್ಲಿ ಕಾಲದಷ್ಟೇ ಸ್ಥಳವೂ ಬೇಕು. ಸಂಕಲ್ಪದಲ್ಲಿ ಕರ್ತೃವು ತಾನಿರುವ ದ್ವೀಪ, ವರ್ಷ, ಖಂಡ, ನದಿಯ ತೀರಗಳನ್ನು ಹೆಸರಿಸಿಯೇ ಮುಂದುವರಿಯಬೇಕು. ಕನ್ನಡ ನಾಡಿನವರು ಗೋದಾವರಿಯ ದಕ್ಷಿಣತೀರವನ್ನು ಹೇಳುತ್ತಾರೆ, ಅಮೆರಿಕದ ದೇವಾಲಯಗಳಲ್ಲಿ ಪುರೋಹಿತರು ಜಂಬೂದ್ವೀಪದ ಬದಲು ಕ್ರೌಂಚದ್ವೀಪವೆಂದು ಹೇಳುವ ರೂಢಿ ಬೆಳೆದಿದೆ. ಹನ್ನೊಂದು ಕಿಲೋಮೀಟರು ಎತ್ತರದಲ್ಲಿ, ಕ್ಷಣಕ್ಷಣಕ್ಕೂ ತೀರ ಬದಲಾಗುವ ಕಡೆ, ಯಾವ ಹೆಸರನ್ನು ಹೇಳುವುದು? ಜಿದ್ದಾಕ್ಕೆ ಹೋಗುವ ಹಜ್ ಯಾತ್ರಿಕನ ಮುಂದೆಯೂ ಇದೇ ಬಗೆಯ ಸಮಸ್ಯೆಯಿದೆ: ಮೀಕಾತ್ ಎಂಬ ಗಡಿಯನ್ನು ದಾಟುವ ಮೊದಲು ಅವನು ಇಹ್ರಾಮ್ ಧರಿಸಿ ನಿಯತ್ತು ಮಾಡಿರಬೇಕು, ಮತ್ತು ಆ ಗಡಿ ಈಗ ಬರುವುದು ಆಕಾಶದಲ್ಲಿ, ವಿಮಾನವು ನಿಮಿಷಕ್ಕೆ ಹದಿನಾಲ್ಕು ಕಿಲೋಮೀಟರಿನಷ್ಟು ಓಡುತ್ತಿರುವಾಗ. ವಿಮಾನದೊಳಗೆ ಮುಂಚಿತವಾಗಿ ಘೋಷಣೆ ಮಾಡುವುದುಂಟು. ಆದರೂ ಗಡಿ ತಪ್ಪಿಹೋದೀತೆಂಬ ಭಯದಿಂದ ಅನೇಕರು ವಿಮಾನ ಹತ್ತುವ ಮೊದಲೇ ಇಹ್ರಾಮಿನ ಬಿಳಿಬಟ್ಟೆಯನ್ನು ಉಟ್ಟಿರುತ್ತಾರೆ. ತೀರ್ಥಯಾತ್ರೆಯ ಶಾಸ್ತ್ರವೂ ಉಪವಾಸ, ಗಣಪತಿಪೂಜೆ, ಪಿತೃಗಳಿಗೆ ಶ್ರಾದ್ಧ, ಸಂಕಲ್ಪ ಇವೆಲ್ಲವನ್ನೂ ಮನೆ ಬಿಡುವ ಮುನ್ನವೇ ಮುಗಿಸಬೇಕೆಂದು ವಿಧಿಸಿದೆ. ಹೀಗೆ ಟಿಕೇಟಿನ ಮೇಲೆ ಹೊರಡುವ ಸ್ಥಳವೆಂದು ಹುಬ್ಬಳ್ಳಿಯೋ ಬೆಂಗಳೂರೋ ಅಚ್ಚಾಗಿದ್ದರೂ, ಒಂದು ಶಾಸ್ತ್ರದ ಪ್ರಕಾರ ಯಾತ್ರೆ ಹೊರಟಿರುವುದು ಹಾನಗಲ್ಲಿನ ಮನೆಯ ದೇವರ ಮುಂದಿನಿಂದ, ಇನ್ನೊಂದರ ಪ್ರಕಾರ ಪ್ರಯಾಣ ಆರಂಭವಾಗಿರುವುದು ಸವಣೂರಿನ ಊರಗಡಿಯಲ್ಲಿ.